ಹಾಲಗಂಬದ ಓಣಿ

"ತೆಗೀರಿ ಅಂದ್ರ ಹ್ಯಾಂಗ ತೆಗೀಲಿ ಸರ? ನೆಟ್ಟ ಹಾಲಗಂಬ ಅದು. ನಾಳೆ ಅಕ್ಕಿಕಾಳು ಬೀಳೂ ತನಕ ಅದಕ್ಕ ಯಾರೂ ಕೈ ಹಚ್ಚಂಗಿಲ್ಲ."

ಮದುವೆ ಮನೆಯ ಯಜಮಾನ ವಿವೇಕಾನಂದ ಎರಡೂ ಕೈ ಜೋಡಿಸಿಯೇ ಹೇಳಿದ. ಆದರೆ ಆ ಜೋಡಿಸಿದ ಕೈಗಳಲ್ಲಿ ಬಗ್ಗುವ ಲಕ್ಷಣವೇನೂ ಕಾಣಲಿಲ್ಲ. ಅವನ ಬೆನ್ನ ಹಿಂದೆ, ಓಣಿಯ ಈ ಗೋಡೆಯಿಂದ ಆ ಗೋಡೆಯವರೆಗೆ ಮದುವೆಯ ಹಂದರ ಎದ್ದು ನಿಂತಿತ್ತು. ನಟ್ಟನಡುವೆ ಅರಿಶಿನ ಬಳಿದು ಮಾವಿನ ತೊಪ್ಪಲು ಕಟ್ಟಿದ ಹಾಲಗಂಬ. ಹಂದರದ ಎದುರು ಗುರುಪ್ರಸಾದನ ಜೀಪು. ಜೀಪಿನ ಬಾಲಕ್ಕೆ ಸಿಕ್ಕಿಸಿದ ತಗಡಿನ ಗಾಲಿಮನೆ. ಗಾಲಿಮನೆಯ ಹಿಂದೆ ಕಮಲಾಪುರದ ಸಂತೆ.

"ಈಗೇನ್ ಮಾಡೂದು?" ಎಂದು ಗುರುಪ್ರಸಾದ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡ.

"ಹಿಂದ ತಗೊಳ್ರಿ ಸರ, ರಿವರ್ಸ್ ಹೊಡೀರಿ!" ಎಂದಿತು ಸುತ್ತ ನೆರೆದ ಗುಂಪು. ಗಾಡಿ ಸಿಕ್ಕಿಕೊಂಡ ಕಡೆ ಸಲಹೆಗೆ ಎಲ್ಲಾದರೂ ಬರ ಉಂಟೇ? ಒಬ್ಬ ಎಡಕ್ಕೆ ಅಂದ, ಇನ್ನೊಬ್ಬ ಬಲಕ್ಕೆ ಅಂದ, ಮೂರನೆಯವನು ಯಾರೂ ಕೇಳದಿದ್ದರೂ "ಆನೇ ದೋ, ಆನೇ ದೋ" ಎಂದು ಕೈಯಾಡಿಸತೊಡಗಿದ.

ಮುಂದಿನ ಸೀಟಿನಲ್ಲಿ ಕುಳಿತಿದ್ದ ಗುರುಪ್ರಸಾದನ ತಾಯಿ ಕಸ್ತೂರಿಬಾಯಿ ಗಂಟಲು ಸರಿಪಡಿಸಿಕೊಂಡಳು.

"ಗುರೂ, ಕೇಳಿಲ್ಲಿ. ಗಾಡಿ ಒಂದ್ ಗೇಣು ಹಿಂದ ಸರೀತಂದ್ರ ನಾ ಇಲ್ಲೇ ಇಳೀತೀನಿ. ಬಸ್ಸ ಹತ್ತಿ ಸೀದಾ ಮನಿಗೆ ಹೋಗ್ತೀನಿ. ಹೊಂಟ ಗಾಡಿ ಹಿಂದ ಸರೀಬಾರದು. ಇದು ನನ್ನ ಮಾತಲ್ಲಪಾ, ನಿಂದೇ ಮಾತು."

ಹಿಂದಿನ ಸೀಟಿನಲ್ಲಿದ್ದ ಸೊಸೆ ಸುನಂದಾ ಮುಂದಿನ ಸೀಟಿನ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅವಳು ಕಲಬುರಗಿಯ ಶಹಾಬಜಾರದ ಆ ಮನೆಗೆ ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು. ಅಷ್ಟೂ ವರ್ಷದಲ್ಲಿ ಅವಳು ಕಂಡ ಅತಿ ದೂರದ ಊರು ಸೊಲ್ಲಾಪುರ, ಅದೂ ಬೆಳಿಗ್ಗೆ ಹೋಗಿ ಸಂಜೆಗೆ ಬಂದದ್ದು. ಕಾರಣ, ಅತ್ತೆಯ ಜಳಕ. ಜಳಕವಾಗಿ ಲಿಂಗಪೂಜೆ ಮುಗಿಯದೆ ಕಸ್ತೂರಿಬಾಯಿ ಗುಟುಕು ನೀರನ್ನೂ ಮುಟ್ಟುವವಳಲ್ಲ. ಮಂದಿಯ ಬಚ್ಚಲಲ್ಲಿ ಜಳಕ ಮಾಡುವವಳಂತೂ ಅಲ್ಲವೇ ಅಲ್ಲ. ಲಾಡ್ಜಿನ ಬಚ್ಚಲೆಂದರೆ ಹೆಸರು ಹೇಳಿದರೇ ಮುಖ ಸಿಂಡರಿಸುತ್ತಿದ್ದಳು. ಅವಳೊಬ್ಬಳನ್ನೇ ಬಿಟ್ಟು ಹೊರಡಲು ಮಗನಿಗೂ ಸೊಸೆಗೂ ಮನಸ್ಸು ಬರುತ್ತಿರಲಿಲ್ಲ. ಹೀಗೆ ಗೋವಾ ತಪ್ಪಿತು, ಮೈಸೂರು ತಪ್ಪಿತು. ಮಗಳು ಪ್ರೀತಿ ಶಾಲೆಯ ಟ್ರಿಪ್ಪಿನಲ್ಲಿ ಸಮುದ್ರ ನೋಡಿ ಬಂದು ಒಂದು ಕವಡೆ ತಂದುಕೊಟ್ಟಾಗ ಸುನಂದಾ ಅದನ್ನು ಕಿವಿಗೆ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತಳು. ಒಲೆಯ ಮೇಲಿನ ಹಾಲು ಉಕ್ಕಿತು.

"ಅತ್ತಿ ಬಚ್ಚಲಾ ಬಿಟ್ಟು ಬರಂಗಿಲ್ಲಂದ್ರ, ಬಚ್ಚಲಾನೇ ಎಳಕೊಂಡ ಹೋಗೂಣು" ಎಂದು ಒಂದು ದಿನ ರೊಟ್ಟಿ ಬಡಿಯುತ್ತ ಅಂದವಳು ಅವಳೇ. ಮೊದಲು ಎಲ್ಲರೂ ನಕ್ಕರು. ಆಮೇಲೆ ಗುರುಪ್ರಸಾದ ನಗುವುದನ್ನು ನಿಲ್ಲಿಸಿ ಓಣಿಯ ಸಮೀವುಲ್ಲಾನ ಹತ್ತಿರ ಹೋದ. ಟ್ರ್ಯಾಕ್ಟರಿನ ಹಿಂದೆ ಎಳೆಯುವ ಡಬ್ಬಿ ಕಟ್ಟುವುದರಲ್ಲಿ ಆತ ಎತ್ತಿದ ಕೈ. ಮಳೆಗಾಲ ಕಳೆಯುವುದರೊಳಗೆ ಗಾಲಿಮನೆ ತಯಾರಾಯಿತು. ಒಳಗೆ ಬಚ್ಚಲು, ನೀರಿನ ಟಾಕಿ, ಮಲಗುವ ಹಲಗೆಗಳು, ಪೂಜೆಗೊಂದು ಗೂಡು. ಹಿಂದಿನ ಗೋಡೆಗೆ ಮಾತ್ರ ಸುನಂದಾ ಹಟ ಮಾಡಿ ದೊಡ್ಡ ಕಿಟಕಿ ಇಡಿಸಿದಳು. ಶ್ರೀಶೈಲದ ಮಲ್ಲಯ್ಯ ಅತ್ತೆಗೆ, ಅದರಾಚೆ ಮಚಲೀಪಟ್ಟಣದ ಸಮುದ್ರ ತನಗೆ ಎಂದು ಲೆಕ್ಕ ಹಾಕಿಕೊಂಡಳು.

"ಮುಂದಕ್ಕ ಬೆಣ್ಣಿ ಹಂಗ ಹೋಗ್ತದ ಸಾಬ್" ಎಂದಿದ್ದ ಸಮೀವುಲ್ಲಾ ಕೊಂಡಿ ಸಿಕ್ಕಿಸುತ್ತ. "ಪೀಛೇ ಕಾ ಮಾಮ್ಲಾ ಜರಾ ಮುಷ್ಕಿಲ್, ಹಿಂದಕ್ಕ ಸುಲಭ ಬರಂಗಿಲ್ಲ."

ಮುಷ್ಕಿಲ್ ಎಷ್ಟೆಂಬುದು ಗುರುಪ್ರಸಾದನಿಗೆ ರಿಂಗ್ ರೋಡಿನಾಚೆಯ ಬಯಲಿನಲ್ಲಿ ತಿಳಿಯಿತು. ಅವನು ಎಡಕ್ಕೆ ತಿರುಗಿಸಿದರೆ ಡಬ್ಬಿ ಬಲಕ್ಕೆ ಓಡುತ್ತಿತ್ತು, ಬಲಕ್ಕೆ ತಿರುಗಿಸಿದರೆ ಎಡಕ್ಕೆ. ಒಂದು ಬೇವಿನ ಗಿಡದ ತೊಗಟೆ ಕಿತ್ತುಹೋಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗುರುಪ್ರಸಾದ ಕಾಲೇಜು ಮೇಷ್ಟ್ರು, ಓದಿದವನು. ಅವನು ನೆಲ ಡೊಂಕು ಅನ್ನಲಿಲ್ಲ, ಶಾಸ್ತ್ರ ಅಂದ. "ಹೊಂಟ ಗಾಡಿ ಹಿಂದ ಸರೀಬಾರದು ಅಂತ ಹಿರ್ಯಾರು ಸುಮ್ನ ಹೇಳ್ಯಾರೇನು? ಮುಂದ ಹೋಗೂದಷ್ಟೇ ನಮ್ಮ ಕೆಲಸ" ಎಂದು ಮನೆಯಲ್ಲಿ ಗಂಭೀರವಾಗಿ ಸಾರಿದ. ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬೀಳುವ ಪೆಟ್ರೋಲ್ ಬಂಕುಗಳನ್ನೇ ಆರಿಸಿ ದಾರಿ ಗೊತ್ತುಮಾಡಿದ. ಹೊರಡಲು ಮೊದಲೇ ಅರೆಮನಸ್ಸಿದ್ದ ಕಸ್ತೂರಿಬಾಯಿ ಮಗನ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಬೆಳಿಗ್ಗೆ ಕಾಯಿ ಒಡೆದು, ಗಾಲಿಗಳಡಿ ನಿಂಬೆಹಣ್ಣು ಇಟ್ಟು, ಶಹಾಬಜಾರದ ಮಂದಿಯೆಲ್ಲ ಬಾಗಿಲಿಗೆ ಬಂದು ಬೀಳ್ಕೊಟ್ಟಾಗಲೂ ಆ ಗಂಟು ಬಿಚ್ಚಿರಲಿಲ್ಲ.

ಕಮಲಾಪುರ ಸುನಂದಾಳ ತವರು. ಅವಳ ಅಪ್ಪ ದೌಲಪ್ಪನ ಕೆಂಪು ಬಾಳೆಯ ತೋಟ ಈ ಓಣಿಯ ಆ ತುದಿಗಿದೆ. "ಮಾವಾರ, ಓಣಿ ಆ ಕಡಿ ಹೆದ್ದಾರಿಗೆ ಹೊರಬೀಳ್ತದಲ್ರೀ?" ಎಂದು ಗುರುಪ್ರಸಾದ ಫೋನಿನಲ್ಲಿ ಕೇಳಿಯೇ ಬಂದಿದ್ದ. "ಸೀದಾ ಬೀಳ್ತದ" ಎಂದಿದ್ದ ದೌಲಪ್ಪ. ಅವನದೇನೂ ಸುಳ್ಳಲ್ಲ. ಹಂದರದಡಿಯಲ್ಲಿ ಬೈಕು ಹೋಗುತ್ತದೆ, ಎಮ್ಮೆ ಹೋಗುತ್ತದೆ, ಊಟಕ್ಕೆ ಬಂದವರು ಹೋಗುತ್ತಾರೆ. ಮದುವೆಯ ಹಂದರವನ್ನು ದಾರಿಗೆ ಅಡ್ಡವೆಂದು ಆ ಊರಲ್ಲಿ ಯಾರು ತಾನೇ ಎಣಿಸುತ್ತಾರೆ?

"ಕೊಂಡಿ ಬಿಚ್ಚಿ ಡಬ್ಬೀನ ಕೈಲೇ ತಳ್ಳೂಣೇನ್ರೀ?" ಎಂದು ಹಿಂದಿನ ಸೀಟಿನಿಂದ ಇಳಿದು ಬಂದ ಪ್ರೀತಿ ಗುಂಪಿನವರನ್ನು ಕೇಳಿದಳು. ನಾಲ್ಕು ಜನ ಭುಜ ಕೊಟ್ಟೂ ನೋಡಿದರು. ತುಂಬಿದ ನೀರಿನ ಟಾಕಿ. ಡಬ್ಬಿ ಮಿಸುಕಲಿಲ್ಲ.

ಗುರುಪ್ರಸಾದ ಗತಿಯಿಲ್ಲದೆ ರಿವರ್ಸ್ ಗೇರಿಗೆ ಕೈಹಾಕಿದ. ಕಟಕ್ಕೆಂದಿತು. ಕಸ್ತೂರಿಬಾಯಿ ತನ್ನ ಕಡೆಯ ಬಾಗಿಲು ತೆರೆದು ಒಂದು ಕಾಲನ್ನು ಕೆಳಗಿಟ್ಟಳು.

ಅವ್ವ ಬಸ್ಸು ಹತ್ತಿದರೆ ಈ ಮನುಷ್ಯ ಅವಳ ಹಿಂದೆಯೇ ಜೀಪು ತಿರುಗಿಸುತ್ತಾನೆ ಎಂಬುದು ಸುನಂದಾಳಿಗೆ ಗೊತ್ತು. ನಾಳೆ ಗಾಲಿಮನೆ ಅಂಗಳದಲ್ಲಿ ನಿಲ್ಲುತ್ತದೆ, ನಾಡಿದ್ದು ಅದರಲ್ಲಿ ಹಳೇ ಹಾಸಿಗೆ ತುಂಬುತ್ತಾರೆ. ಇನ್ನೊಂದು ಸಲ ಎನ್ನುವುದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅಳಬೇಕೆನ್ನಿಸಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಅವಳು ಇಳಿದು ಸುತ್ತಿಬಂದು ಅತ್ತೆಯ ಕೈ ಹಿಡಿದಳು.

"ಬರ್ರಿ ಅತ್ತಿ. ಡಬ್ಬಿ ಒಳಗ ಕೂಡ್ರಿ ಜರಾ."

"ಯಾಕ?"

"ಬರ್ರಿ ಅಂದೆ."

ಸೊಸೆ ಈ ದನಿಯಲ್ಲಿ ಮಾತಾಡಿದ್ದನ್ನು ಕಸ್ತೂರಿಬಾಯಿ ಕೇಳಿರಲಿಲ್ಲ. ಸುಮ್ಮನೆ ಹಿಂದೆ ಹೋದಳು. ಸುನಂದಾ ಅವಳನ್ನು ಗಾಲಿಮನೆಯ ಹಲಗೆಯ ಮೇಲೆ, ದೊಡ್ಡ ಕಿಟಕಿಗೆ ಮುಖ ಮಾಡಿ ಕೂಡಿಸಿ ಗಾಜು ಸರಿಸಿದಳು.

"ಈಗ ನಿಮ್ಮ ಮಾರಿ ಎತ್ತ ಕಡಿ ಅದ?"

"ಸಂತಿ ಕಡಿ."

"ಗಾಡಿ ಸಂತಿ ಕಡಿ ಹೋದ್ರ, ನೀವು ಮುಂದ ಹೋದಂಗೋ, ಹಿಂದ ಸರದಂಗೋ?"

ಕಸ್ತೂರಿಬಾಯಿ ಕಿಟಕಿಯಾಚೆ ನೋಡಿದಳು. ಎದುರಿಗೆ ಮೆಣಸಿನಕಾಯಿಯ ರಾಶಿ, ಬಳೆಯ ಗಾಡಿ, ಅವುಗಳಾಚೆ ಬಸ್‌ಸ್ಟ್ಯಾಂಡಿನ ಬಯಲು. ತುಟಿ ಮಡಿಸಿಕೊಂಡು ವಿಚಾರ ಮಾಡಿದಳು. ಕೆಳಗೆ ನಿಂತ ವಿವೇಕಾನಂದನೂ ತನ್ನ ಹಾಲಗಂಬದ ಸಲುವಾಗಿ ಉಸಿರು ಬಿಗಿಹಿಡಿದಿದ್ದ.

"ಮುಂದ ಹೋದಂಗ" ಎಂದಳು ಕೊನೆಗೆ. "ಆದ್ರ ಒಂದ್ ಮಾತು. ಒಮ್ಮಿ ಹೊಂಟಿತಂದ್ರ ಹೊಂಟಿತು. ನಡುವ ತಪ್ಪಿತು ಅಂತ ಮತ್ತ ಹಂದರದ ಕಡಿ ಎಳದ್ರೋ, ಅದು ನನಗ ಹಿಂದ ಸರದಂಗ. ಇಳದಬಿಡ್ತೀನಿ ನೋಡು."

"ಒಂದೇ ಸರ್ತಿಗೆ ನನ್ನ ಕೈಲಿ ಆಗಂಗಿಲ್ಲ ಯವ್ವಾ" ಎಂದ ಗುರುಪ್ರಸಾದ ಹೊರಗಿನಿಂದ. ಅವನ ದನಿ ಸಣ್ಣದಾಗಿತ್ತು. "ಹಿಂದ ತಗೊಳ್ಳಾಕ ನನಗ ಬರಂಗೇ ಇಲ್ಲ. ಅದಕ್ಕ ಶಾಸ್ತ್ರ ಅಂದೆ."

"ಗೊತ್ತದ. ಡಬ್ಬಿಗೆ ಬೇವಿನ ತೊಗಟಿ ಅಂಟಿದ್ದು ನಾ ನೋಡಿಲ್ಲೇನು? ನಿನಗ್ಯಾರು ಹೊಡಿ ಅಂದ್ರು?"

"ನಾ ಹೊಡೀತೀನಿ" ಎಂದಳು ಸುನಂದಾ.

ಗುರುಪ್ರಸಾದ ಹೆಂಡತಿಯನ್ನು ಹೊಸದಾಗಿ ನೋಡುವವನಂತೆ ನೋಡಿದ. ಪ್ರೀತಿಯನ್ನು ಟ್ಯೂಷನ್ನಿಗೆ ಬಿಡಲು ಅವಳು ಇದೇ ಜೀಪು ಓಡಿಸುತ್ತಿದ್ದುದು ಅವನಿಗೆ ಗೊತ್ತು. ಅದು ಬೇರೆ, ಇದು ಬೇರೆ. "ನಿನಗ ಬರ್ತದ?"

ಸುನಂದಾ ತನ್ನ ಅಂಗೈ ನೋಡಿಕೊಂಡಳು. ಲಗ್ನಕ್ಕೆ ಮೊದಲು ಅವಳು ಅಪ್ಪನ ಟ್ರ್ಯಾಕ್ಟರಿಗೆ ಡಬ್ಬಿ ಕಟ್ಟಿಕೊಂಡು ಬಾಳೆಗೊನೆ ಹೇರಿ ಇದೇ ಸಂತೆಗೆ ತರುತ್ತಿದ್ದಳು. ನೋಡಲು ಗಂಡಿನವರು ಬರುವ ಹಿಂದಿನ ದಿನ ಅಪ್ಪನೇ, "ಅವರ ಮುಂದ ಟ್ರ್ಯಾಕ್ಟರ್ ಮಾತು ತೆಗೀಬ್ಯಾಡವ್ವ, ಪ್ಯಾಟಿ ಮಂದಿ" ಎಂದಿದ್ದ. ಆ ಮಾತು ಆಮೇಲೂ ಹೊರಗೆ ಬರಲೇ ಇಲ್ಲ.

"ಬರ್ತದ" ಎಂದಳು ಕಸ್ತೂರಿಬಾಯಿ ಕಿಟಕಿಯಿಂದ ಮುಖ ತಿರುಗಿಸದೆ. "ನೋಡಾಕ ಬಂದಾಗ ಬಳಿ ಏರಸಾಕ ಅಂತ ಈಕಿ ಕೈ ಹಿಡದಿದ್ದೆ. ಅಂಗೈ ದಡ್ಡುಗಟ್ಟಿತ್ತು. ಕುರ್ಪಿ ಹಿಡದ ದಡ್ಡು ಬ್ಯಾರೆ, ಸ್ಟೇರಿಂಗ್ ಹಿಡದ ದಡ್ಡು ಬ್ಯಾರೆ. ನಮ್ಮಪ್ಪನ ಮನ್ಯಾಗೂ ಟ್ರ್ಯಾಕ್ಟರ್ ಇತ್ತು. ಆ ಕೈ ನೋಡೇ ನಾ ಹೂಂ ಅಂದದ್ದು. ಮನಿಗೆ ಬಂದು ಈಕಿ ಬರೇ ರೊಟ್ಟಿ ಬಡೀಕೋತ ಕೂತ್ಲು. ಅದಕ್ಕ ನಾ ಏನ್ ಮಾಡ್ಲಿ?"

ಸುನಂದಾಳ ಕಣ್ಣು ತುಂಬಿ ಬಂತು. ತುಂಬಿದ ಕಣ್ಣಲ್ಲಿ ಗಾಡಿ ಹಿಂದೆ ತೆಗೆಯಲಾಗುವುದಿಲ್ಲವಲ್ಲ, ಸೆರಗಿನಿಂದ ಗಸಕ್ಕನೆ ಒರೆಸಿಕೊಂಡು ಹೋಗಿ ಸ್ಟೇರಿಂಗ್ ಮುಂದೆ ಕುಳಿತಳು. ಸೀಟು ಮುಂದಕ್ಕೆ ಎಳೆದುಕೊಂಡಳು. ಬಾಲ ಎತ್ತ ಹೋಗಬೇಕೋ ಮೂತಿಯನ್ನು ಅದರ ಉಲ್ಟಾ ತಿರುವು, ಬಾಲ ಬಾಗಿದ ಮೇಲೆ ಅದರ ಬೆನ್ನು ಹತ್ತು. ಇದು ಅಪ್ಪ ಬಾಳೆಯ ತೋಟದಲ್ಲಿ ಕಲಿಸಿದ ಪಾಠ.

ಜೀಪು ನಡುಗಿತು. ಗಾಲಿಮನೆ ನಿಧಾನವಾಗಿ ಸಂತೆಯತ್ತ ಹೊರಟಿತು.

"ಸರೀರಿ, ಸರೀರಿ!" ಎಂದು ಪ್ರೀತಿ ಹಿಂದೆ ಹಿಂದೆ ನಡೆಯುತ್ತ ದಾರಿ ಬಿಡಿಸಿದಳು. ಉಳ್ಳಾಗಡ್ಡಿಯವರು ತಾಡಪತ್ರಿ ಎಳೆದುಕೊಂಡರು. ಕಸ್ತೂರಿಬಾಯಿ ಕಿಟಕಿಯಿಂದ ಅರ್ಧ ಹೊರಬಾಗಿ ಕೂಗತೊಡಗಿದಳು. ಅವಳ ಗಂಟಲಿಗೆ ಮೈಕು ಬೇಕಿರಲಿಲ್ಲ.

"ಎಡಕ್ಕ ಸುನಂದಾ, ಎಡಕ್ಕ!"

ಒಂದು ಗಳಿಗೆ ಸುನಂದಾಳ ತಲೆ ಗಿರ್ ಅಂದಿತು. ಅತ್ತೆ ಸಂತೆಗೆ ಮುಖ ಮಾಡಿ ಕುಳಿತಿದ್ದಾಳೆ, ಅವಳ ಎಡ ನನ್ನ ಬಲ. ಡಬ್ಬಿ ನನ್ನ ಬಲಕ್ಕೆ ಹೋಗಬೇಕೆಂದರೆ ಸ್ಟೇರಿಂಗ್ ಎಡಕ್ಕೆ ತಿರುಗಬೇಕು. ಅಂದರೆ ಅತ್ತೆ ಎಡ ಅಂದರೆ ಎಡಕ್ಕೇ! ಎರಡು ಉಲ್ಟಾ ಸೇರಿ ಸೀದಾ ಆಗಿತ್ತು. ಅವಳಿಗೆ ನಗು ಬಂತು. ಇನ್ನು ಲೆಕ್ಕವೇ ಬೇಡ, ಅತ್ತೆ ಅಂದದ್ದನ್ನು ಮಾಡಿದರಾಯಿತು. ಇಷ್ಟು ವರ್ಷ ಮಾಡಿದ್ದೂ ಅದನ್ನೇ. ಆದರೆ ಇವತ್ತು ಚಕ್ರ ತನ್ನ ಕೈಯಲ್ಲಿತ್ತು.

"ಸೀದಾ... ಸೀದಾ ಬಿಡು... ಬಲಕ್ಕ! ಬಲಕ್ಕ ಜರಾ! ಲಗ್ನದ ಓಣ್ಯಾಗ ಬಳಿ ಒಡದೀಯವ್ವ!"

ಬಳೆ ಮಾರುವ ಜುಬೇದಾಳ ಗಾಡಿಯ ಗಾಲಿ ಚರಂಡಿಯಲ್ಲಿ ಸಿಕ್ಕು ಸರಿಯಲೊಲ್ಲದು. ಜುಬೇದಾ ಬಳೆಗಳ ಮೇಲೆ ಎರಡೂ ತೋಳು ಚಾಚಿ "ಯಾ ಅಲ್ಲಾ" ಎಂದು ಕಣ್ಣು ಮುಚ್ಚಿಕೊಂಡಳು. ಡಬ್ಬಿಯ ಮೂಲೆ ಗಾಡಿಯತ್ತ ಬರುತ್ತಲೇ ಇತ್ತು. ಮುಂದಕ್ಕೆಳೆದು ಸರಿಮಾಡಿಕೊಳ್ಳುವಂತಿಲ್ಲ, ಎಳೆದರೆ ಅತ್ತೆ ಇಳಿಯುತ್ತಾಳೆ. ಸುನಂದಾ ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ಸುತ್ತಿದಳು. ಕಾಯ್ದಳು. ಡಬ್ಬಿ ಹಟಮಾರಿ ಎತ್ತಿನಂತೆ ಮೊದಲು ಒಲ್ಲೆ ಅಂದು, ಆಮೇಲೆ ಬಾಗಿತು. ಬಳೆಗಳು ಕಿಣಿಕಿಣಿ ಅಂದವು. ಒಂದೂ ಒಡೆಯಲಿಲ್ಲ.

"ಶಾಬಾಸ್!" ಎಂದು ಯಾರೋ ಕೂಗಿದರು. ಓಣಿ ಮುಗಿಯಿತು, ಎದುರಿಗೆ ಬಯಲು ಬಂತು. ಸುನಂದಾ ಮೂಲೆಯಲ್ಲಿ ಡಬ್ಬಿಯನ್ನು ಒಂದೇ ಸುತ್ತಿಗೆ ಬಯಲೊಳಗೆ ತೂರಿಸಿ, ಜೀಪಿನ ಮೂತಿಯನ್ನು ಹೆದ್ದಾರಿಗೆ ಎದುರಾಗಿ ನಿಲ್ಲಿಸಿ ಬ್ರೇಕು ಎಳೆದಳು.

ಸಂತೆಗೆ ಸಂತೆಯೇ ಸಿಳ್ಳೆ ಹೊಡೆಯಿತು. ಹಂದರದ ಕಡೆಯಿಂದ ವಿವೇಕಾನಂದ ಬಾಜಿಯವರನ್ನು ಓಡಿಸಿಕೊಂಡು ಬಂದ. ನಾಳೆಯ ಮದುವೆಗೆ ಕರೆಸಿದವರು ಇವತ್ತೇ ಶುರುಹಚ್ಚಿಕೊಂಡರು. ಆ ಗದ್ದಲದ ನಡುವೆ ದೌಲಪ್ಪ ಹೆಗಲ ಮೇಲೆ ಕೆಂಪು ಬಾಳೆಯ ಗೊನೆ ಹೊತ್ತು ಬಂದವನು ಜೀಪಿನ ಕಿಟಕಿಯ ಹತ್ತಿರ ನಿಂತುಬಿಟ್ಟ.

"ಎಪ್ಪಾ, ಹ್ಯಾಂಗ?" ಎಂದಳು ಸುನಂದಾ.

"ಎಳ್ಳಷ್ಟೂ ಮರತಿಲ್ಲಲ್ಲವ್ವ" ಎಂದ ಮುದುಕ. "ಬೀಗತಿಗೆ ಏನಂತ ಹೇಳ್ಲಿ ಈಗ?"

"ಏನೂ ಹೇಳಬ್ಯಾಡ್ರಿ ಬೀಗರ, ಹಣ್ಣು ಕೊಡ್ರಿ" ಎಂದಳು ಹಿಂದಿನಿಂದ ನಡೆದುಬಂದ ಕಸ್ತೂರಿಬಾಯಿ. ಕೂಗಿ ಕೂಗಿ ಅವಳ ದನಿ ಕಟ್ಟಿತ್ತು. ಮುಖ ಮಾತ್ರ ಹಬ್ಬದ ದಿನದಂತಿತ್ತು. ಅವಳು ಮುಂದಿನ ಸೀಟು ಹತ್ತಿ ಕುಳಿತು ಸೆರಗು ಸರಿಮಾಡಿಕೊಂಡಳು.

ಗುರುಪ್ರಸಾದ ಸ್ಟೇರಿಂಗ್ ಕಡೆಯ ಬಾಗಿಲಿಗೆ ಬಂದ. ಸುನಂದಾ ಇಳಿಯಲು ಸರಿದಳು. ಅವನು ಬಾಗಿಲನ್ನು ಹೊರಗಿನಿಂದ ಒತ್ತಿ ಹಾಕಿ, ಭದ್ರವಾಯಿತೇ ಎಂದು ಒಮ್ಮೆ ಎಳೆದು ನೋಡಿ, ಮಗಳ ಪಕ್ಕ ಹಿಂದಿನ ಸೀಟಿಗೆ ಹೋಗಿ ಕುಳಿತ.

ಹೆದ್ದಾರಿ ಹತ್ತಿದ ಮೇಲೆ ಬಾಜಿಯ ಸಪ್ಪಳ ಹಿಂದೆ ಉಳಿಯಿತು. ಎರಡೂ ಕಡೆ ತೊಗರಿಯ ಹೊಲಗಳು. ಗಾಲಿಮನೆ ಸದ್ದಿಲ್ಲದೆ ಬೆನ್ನಿಗೆ ಬರುತ್ತಿತ್ತು. ಕಸ್ತೂರಿಬಾಯಿ ಗೊನೆಯಿಂದ ಒಂದು ಹಣ್ಣು ಕಿತ್ತು ನಿಧಾನವಾಗಿ ಸಿಪ್ಪೆ ಸುಲಿದಳು.

"ಕೈ ತಾ" ಎಂದಳು.

ಸುನಂದಾ ರಸ್ತೆಯ ಮೇಲಿನ ಕಣ್ಣು ತೆಗೆಯದೆ ಎಡಗೈ ಚಾಚಿದಳು. ಕಸ್ತೂರಿಬಾಯಿ ಆ ಅಂಗೈಯನ್ನು ಹಿಡಿದು, ಹಳೇ ದಡ್ಡು ಮೆತ್ತಗಾದ ಜಾಗದ ಮೇಲೆ ಒಮ್ಮೆ ಹೆಬ್ಬೆರಳಾಡಿಸಿ, ಹಣ್ಣನ್ನು ಅದರಲ್ಲಿಟ್ಟಳು.