ಮೊಣಕೈಯ ಪಿನ್ನು

ಹುಸೇನಮ್ಮನನ್ನು ಶನಿವಾರ ಕೆಲಸದಿಂದ ತೆಗೆದರು. ಮುನ್ನೂರು ಗೊಂಬೆಗಳ ಮೊಣಕೈ ಮುರಿದದ್ದು ಅವಳ ಅಜಾಗರೂಕತೆಯಿಂದ ಎಂದು ಗೇಟಿನ ಬೋರ್ಡಿಗೆ ಚೀಟಿ ಅಂಟಿಸಿದರು.

ಸೋಮವಾರ ಬೆಳಗ್ಗೆ ಶಾಂಭವಿ ಆ ಚೀಟಿಯನ್ನು ಎರಡು ಸಲ ಓದಿ ಒಳಗೆ ಹೋದಳು. ಕೆ.ಆರ್. ಪುರದ ಹಳೇ ಊರಿನ ಬೆನ್ನಿಗೆ, ಒಂದು ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಎದ್ದ ತಗಡಿನ ಶೆಡ್ಡು ಅದು. ಹೊಲವೂ ಓನರ್ ವಸಂತ್‌ನ ಮನೆಯವರದೇ, ಶೆಡ್ಡೂ ಅವನದೇ. ಅಲ್ಲಿ ತಯಾರಾಗುತ್ತಿದ್ದದ್ದು ಮಕ್ಕಳ ಆಟಿಕೆಯಲ್ಲ. ದೊಡ್ಡವರು ಸಾವಿರಾರು ಕೊಟ್ಟು ಕೊಂಡು ಗಾಜಿನ ಕಪಾಟಿನಲ್ಲಿ ನಿಲ್ಲಿಸಿಕೊಳ್ಳುವ ಬಿಲ್ಲುಗಾರ ಗೊಂಬೆ. ಗೇಣುದ್ದದ ಮೈತುಂಬ ಕೀಲು. ಡಬ್ಬಿಯ ಮೇಲೆ ಬಂಗಾರದ ಅಕ್ಷರ: ಇಪ್ಪತ್ತೆರಡು ಕೀಲುಗಳು. ಮಂಡಿ ಮಡಚಬೇಕು, ಕುತ್ತಿಗೆ ತಿರುಗಬೇಕು, ಮೊಣಕೈ ಬಾಗಿ ಬಿಲ್ಲಿನ ಹೆದೆ ಕಿವಿಯ ತನಕ ಬರಬೇಕು.

ಮೊಣಕೈಗೆ ಉಕ್ಕಿನ ಪಿನ್ನು ಕೂರಿಸುತ್ತಿದ್ದವಳು ಹುಸೇನಮ್ಮ. ಪಕ್ಕದ ಟೇಬಲ್ಲಿನಲ್ಲಿ ಕುತ್ತಿಗೆ ಕೂರಿಸುವವಳು ಶಾಂಭವಿ. ಕುತ್ತಿಗೆಗೆ ಪಿನ್ನು ಬೇಡ, ಒತ್ತಿದರೆ ಸಾಕು. ಇಬ್ಬರೂ ರಾಯಚೂರಿನ ಕಡೆಯವರು. ಒಂದೇ ವಠಾರದಲ್ಲಿ ಎದುರುಬದುರು ಬಾಡಿಗೆ ಕೋಣೆ.

ಭಾನುವಾರ ಅಕ್ಕಿ ಆರಿಸುತ್ತ ಕೂತಿದ್ದ ಹುಸೇನಮ್ಮನನ್ನು ಶಾಂಭವಿ ಕೇಳಿಯೇ ಬಿಟ್ಟಿದ್ದಳು: "ಇತ್ತೀಚಿಗೆ ನಿನ್ನ ಕೈ ನಡುಗ್ತಿತ್ತಲ್ಲ, ಯಕ್ಕಾ?"

"ನಡುಗಿದ್ರ ಒಂದು ಮುರೀಬೇಕು, ಎರಡು ಮುರೀಬೇಕು. ಮುನ್ನೂರು ಮುರಿಯಾಕ ನಾ ಏನ್ ಕಟ್ಟಿಗಿ ಅಡ್ಡೆ ಇಟ್ಟೀನೇನು?" ಹುಸೇನಮ್ಮ ಮೊರವನ್ನು ಕೆಳಗೆ ಕುಕ್ಕಿದಳು. "ಪಿನ್ನು ಹಗುರ ಆಗ್ಯಾವ ಅಂತ ಆ ಪ್ರೇಮ್‌ಕುಮಾರಗ ಹೇಳಿದ್ದೆ. ಹೊಸಾ ಲೋಹ ಅಂದ. ನೀನೂ ನಂಬಂಗಿಲ್ಲ ಬಿಡು."

ನಂಬಿರಲಿಲ್ಲ. ಸಿಕ್ಕಿಬಿದ್ದವರು ಪಿನ್ನನ್ನೋ ಯಂತ್ರವನ್ನೋ ದೂರುವುದು ಇದ್ದದ್ದೇ ಎಂದುಕೊಂಡೇ ಶಾಂಭವಿ ಎದ್ದು ಬಂದಿದ್ದಳು.

ಈಗ ಶೆಡ್ಡಿನಲ್ಲಿ ಅವಳ ಅನುಮಾನ ಬೇರೆ ಕಡೆ ತಿರುಗಿತು. ಸೂಪರ್‌ವೈಸರ್ ಪ್ರೇಮ್‌ಕುಮಾರ್ ತಾನೇ ಟೀ ತಂದು ಮುಂದಿಟ್ಟ. ನೀರಿಗೆ ಎದ್ದರೂ ಗಡಿಯಾರ ನೋಡುತ್ತಿದ್ದ ಮನುಷ್ಯ.

"ಕುಡಿಯಮ್ಮ, ಬಿಸ್ಕೆಟ್ ತಗೋ. ಅದ್ಸರಿ, ಆಯಮ್ಮ ಹುಸೇನಮ್ಮ ಅಂದ್ರೆ, ಸಾಬ್ರಾ?"

"ಮೊಹರಂದಾಗ ಅಲಾಯಿ ದೇವರಿಗೆ ಹರಕಿ ಹೊತ್ತಮ್ಯಾಲೆ ಹುಟ್ಟಿದಾಕಿ ಸರ್. ನಮ್ ಕಡೆ ಹಿಂದೂಗಳೊಳಗೂ ಓಣಿಗೊಬ್ಬಾಕಿ ಹುಸೇನಮ್ಮ ಇರ್ತಾಳ."

"ಏನೋಪ್ಪ. ಅಲ್ಲೂ ಇಲ್ಲೂ ಇರೋರ್ನ ನಂಬೋದ್ ಕಷ್ಟ." ಅವನು ದನಿ ತಗ್ಗಿಸಿದ. "ಹನ್ನೊಂದಕ್ಕೆ ಓನರ್ ಬರ್ತಾರೆ. ಒಂದ್ ಪೇಪರ್ ಐತೆ, ಸೈನ್ ಹಾಕ್ಬಿಡು. ನಿಂಗೂ ಒಳ್ಳೇದು."

ಶಾಂಭವಿ ಟೀ ಲೋಟ ಕೆಳಗಿಟ್ಟಳು. ಮೂಗಿನ ಬೆವರು ಒರೆಸಿಕೊಳ್ಳಲು ಕರ್ಚೀಫಿಗೆಂದು ಪರ್ಸು ತೆಗೆದವಳ ಕೈ ಹಾಗೇ ನಿಂತಿತು.

ಶಿವಾಜಿನಗರದ ಫುಟ್‌ಪಾತಿನಲ್ಲಿ ಕೊಂಡ ಪರ್ಸು. ಬಾಯಿಗೆ ಅಯಸ್ಕಾಂತದ ಗುಂಡಿ. ಹುಸೇನಮ್ಮನ ಟೇಬಲ್ಲಿನಿಂದ ಸಿಡಿದ ಪಿನ್ನುಗಳು ಆ ಗುಂಡಿಗೆ ಹೋಗಿ ಕಚ್ಚಿಕೊಳ್ಳುತ್ತಿದ್ದವು. ಒಂದು ಸಂಜೆ ಗೇಟಿನ ತಪಾಸಣೆಯಲ್ಲಿ ಎರಡು ಪಿನ್ನು ಸಿಕ್ಕಿ, ಕಳ್ಳಿ ಎನ್ನಿಸಿಕೊಂಡು, ಅರ್ಧ ಗಂಟೆ ನಿಂತಿದ್ದಳು. ಅಂದಿನಿಂದ ಮನೆಗೆ ಹೊರಡುವ ಮುಂಚೆ ಗುಂಡಿ ಒರೆಸುವುದು ಅಭ್ಯಾಸ. ಮೂರು ತಿಂಗಳಿಂದ ಒರೆಸಲು ಏನೂ ಇರಲಿಲ್ಲ. ಹುಸೇನಮ್ಮ ಜೋಪಾನ ಕಲಿತಳು ಎಂದುಕೊಂಡಿದ್ದಳು.

ಪ್ರೇಮ್‌ಕುಮಾರ್ ಅತ್ತ ಹೋದದ್ದೇ ತಡ, ಖಾಲಿ ಟೇಬಲ್ಲಿಗೆ ಹೋಗಿ ಪಿನ್ನಿನ ಬಟ್ಟಲಿಗೆ ಪರ್ಸಿನ ಬಾಯಿ ಅದ್ದಿದಳು. ಮೇಲೆತ್ತಿದಳು. ಒಂದೂ ಅಂಟಿರಲಿಲ್ಲ. ಒಂದನ್ನು ಹಲ್ಲಿಗಿಟ್ಟು ಕಚ್ಚಿದಳು. ಪಿನ್ನು ಮುರಿದು ಬೆಳ್ಳಿಬಣ್ಣದ ಒಳಗೆ ಬಿಳೀ ಪ್ಲಾಸ್ಟಿಕ್ಕು ಕಂಡಿತು. ನಿನ್ನೆ ತಾನು ಕೇಳಿದ ಪ್ರಶ್ನೆ ನೆನಪಾಗಿ ಕಿವಿ ಬಿಸಿಯಾಯಿತು.

ಹನ್ನೊಂದಕ್ಕೆ ವಸಂತ್ ಬಂದ. ಆಫೀಸಿಗೆ ಕರೆಸಿ ಕಾಗದ ಮುಂದಿಟ್ಟ. ಹುಸೇನಮ್ಮ ಪಿನ್ನು ಅರ್ಧಕ್ಕೇ ಕೂರಿಸುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಎಂದಿತ್ತು.

"ನೋಡಮ್ಮ, ಒಂದು ಕೀಲು ಅಂದ್ರೆ ಎರಡು ಅಚ್ಚು, ಒಂದು ಪಿನ್ನು, ಒಬ್ರು ಆಳು. ಇಪ್ಪತ್ತೆರಡು ಕೀಲು ಇಟ್ಟು ನಾನು ಬದುಕೋದು ಹೆಂಗೆ? ಕೊಳ್ಳೋರಲ್ಲಿ ಅರ್ಧ ಜನ ಡಬ್ಬಿನೇ ತೆಗಿಯಲ್ಲ. ಯಾವನೋ ಇಂದಿರಾನಗರದವನು ತೆಗೆದ, ಬಿಲ್ಲು ಎಳೆದ, ಕೈ ಮುರೀತು ಅಂತ ವಿಡಿಯೋ ಹಾಕ್ದ. ಆಮೇಲೆ ಶುರುವಾಯ್ತು ಒಬ್ಬೊಬ್ರದು. ಮುಂದಿನ ಬ್ಯಾಚಿಗೆ ಮೊಣಕೈ ಬಾಗೋದೇ ಇಲ್ಲ. ತಲೆನೋವೇ ಬೇಡ."

"ಹಂಗಾರ ಡಬ್ಬಿ ಮ್ಯಾಲ ಇಪ್ಪತ್ತೆರಡು ಅಂತ ಐತಲ್ರೀ?"

"ಡಬ್ಬಿ ಆಗ್ಲೇ ಪ್ರಿಂಟ್ ಆಗಿದೆ."

ಒಂದು ಕೀಲು ಹೋದರೆ ಒಂದು ಟೇಬಲ್ಲು ಹೋಗುತ್ತದೆ. ಅಜಾಗರೂಕತೆ ಎಂದು ಬರೆದರೆ ಟೇಬಲ್ಲಿನವಳು ಬಾಯಿ ತೆರೆಯುವಂತಿಲ್ಲ. ಕುತ್ತಿಗೆಯ ಸರದಿ ಯಾವಾಗಲೋ? ಶಾಂಭವಿ ಕಚ್ಚಿ ಮುರಿದ ಪಿನ್ನನ್ನು ಕಾಗದದ ಮೇಲಿಟ್ಟಳು.

"ಇದನ್ನ ಮುರಿದಾಕಿ ಹುಸೇನಕ್ಕ ಅಲ್ರೀ. ನಾ. ಹಲ್ಲಿಲೆ."

ಬಾಗಿಲಲ್ಲಿ ನಿಂತಿದ್ದ ಪ್ರೇಮ್‌ಕುಮಾರ್ ಫ್ಯಾನು ನೋಡತೊಡಗಿದ. ವಸಂತ್ ಪಿನ್ನನ್ನು ಬೆರಳಿಂದ ಚಿಮ್ಮಿ ಬಿಸಾಕಿದ.

"ಪಿನ್ನು ಕದ್ದಿದ್ದು ಸಾಲ್ದು ಅಂತ ಬಾಯಿ ಬೇರೆ. ಸೈನ್ ಹಾಕು. ಇಲ್ಲಾಂದ್ರೆ ನಾಳೆ ನಿನ್ನ ಚೀಟೀನೂ ಗೇಟಿಗೆ ಅಂಟುತ್ತೆ." ಅವಳು ಪೆನ್ನು ಮುಟ್ಟಲಿಲ್ಲ. "ಏಯ್ ಪ್ರೇಮ್, ಈ ಯಮ್ಮಂಗೆ ಬರಿಯಕ್ಕೆ ಬರಲ್ಲ ಅನ್ಸುತ್ತೆ. ಇಂಕ್ ಪ್ಯಾಡ್ ಕೊಡು, ಹೆಬ್ಬೆಟ್ಟು ಒತ್ಲಿ."

ಶಾಂಭವಿ ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡಳು.

"ನಂಗ ಓದಾಕೂ ಬರ್ತದ, ಬರಿಯಾಕೂ ಬರ್ತದ್ರೀ. ನೀವು ಬರ್ದಿದ್ದು ಪೂರಾ ಓದೀನಿ. ಅದಕ್ಕ ಸೈನ್ ಹಾಕಂಗಿಲ್ಲ."