ಲಲಿತಾಬಾಯಿ ಹೇಳದೆ ಉಳಿಸಿದ ಮಾತು

ಶಹಾಬಾದಿನ ಆಸ್ಪತ್ರೆಯೊಂದರಲ್ಲಿ ಲಲಿತಾಬಾಯಿ ಒಂಬತ್ತು ವರ್ಷದಿಂದ ಇಸಿಜಿ ತೆಗೆಯುತ್ತಿದ್ದಳು. ಓದಿದ್ದು ಏಳನೆಯ ತರಗತಿ. ಯಂತ್ರ ತಂದ ಹೈದರಾಬಾದಿನವನು ಗುಂಡಿ ಒತ್ತುವುದನ್ನು ಕಲಿಸಿ ಹೋಗಿದ್ದ. ಗೆರೆ ಓದುವುದನ್ನು ಅವಳು ತಾನೇ ಕಲಿತಳು, ಡಾಕ್ಟರರ ಪುಸ್ತಕದ ಚಿತ್ರಗಳಿಗೆ ಯಂತ್ರದಿಂದ ಬರುವ ಕಾಗದದ ಪಟ್ಟಿಗಳನ್ನು ಹೋಲಿಸಿ ನೋಡಿ ನೋಡಿ.

೧೯೭೮ರ ಬೇಸಿಗೆಯಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಖಣಿಯಲ್ಲಿ ದುಡಿಯುವ ಸಾಯಬಣ್ಣ ಬಂದ. ತಿಂಗಳಲ್ಲಿ ಮೂರು ಸಲ ಕೆಲಸದ ಜಾಗದಲ್ಲೇ ಕಣ್ಣು ಕತ್ತಲಿಟ್ಟು ಬಿದ್ದಿದ್ದ. ಸೇಂದಿ ಕುಡಿದು ಬರುತ್ತಾನೆಂದು ಕೂಲಿಗಳ ಮೇಲ್ವಿಚಾರಕ ಮುಕಾದಮ ಎಲ್ಲರಿಗೂ ಹೇಳಿದ್ದ.

“ನಾ ಸೇಂದಿ ಮುಟ್ಟಿದವ ಅಲ್ರಿ ಬಾಯಾರ. ನಮ್ಮ ಮನಿಯಾಕಿನೂ ನಂಬವಲ್ಲಳು,” ಎಂದ ಮಲಗಿಕೊಂಡೇ.

ಪಟ್ಟಿ ಹೊರಬರುತ್ತಿದ್ದಂತೆ ಲಲಿತಾಬಾಯಿಗೆ ದಿಗಿಲಾಯಿತು. ಹೃದಯದ ಮೇಲಿನ ಕೋಣೆಯಲ್ಲಿ ಹುಟ್ಟಿದ ವಿದ್ಯುತ್ತು ಇಳಿದು ಬಂದರೆ ತಾನೇ ಕೆಳಗಿನ ಕೋಣೆ ಸರಿಯಾಗಿ ಬಡಿಯುವುದು? ಇಲ್ಲಿ ಮೇಲಿನ ಕೋಣೆಯ ಸಣ್ಣ ಉಬ್ಬುಗಳು ತಮ್ಮ ಪಾಡಿಗೆ ಓಡುತ್ತಿದ್ದವು. ಕೆಳಗಿನ ಕೋಣೆಯ ಎತ್ತರದ ಗೆರೆಗಳು ನಿಮಿಷಕ್ಕೆ ಮೂವತ್ತನ್ನೂ ಮುಟ್ಟುತ್ತಿರಲಿಲ್ಲ.

“ಸಾಹೇಬರ, ಮ್ಯಾಲಿನ ಕರೆಂಟ್ ಕೆಳಗ ಇಳೀಲಕತ್ತಿಲ್ರಿ. ಸೋಲಾಪುರದ ದೊಡ್ಡ ದವಾಖಾನಿಗಿ ಕಳಿಸಿದ್ರ ಚಲೋ,” ಎಂದಳು.

ಡಾಕ್ಟರು ಪಟ್ಟಿಯನ್ನು ನೋಡದೆಯೇ ಮಡಚಿದರು. “ಗುಂಡಿ ಒತ್ತೋದು ನಿಮ್ಮ ಕೆಲಸ, ಓದೋದು ನಂದು.” ಶಕ್ತಿಯ ಗುಳಿಗೆ ಬರೆದುಕೊಟ್ಟರು.

ಹೊರಗೆ ಸಾಯಬಣ್ಣ ಕೇಳಿದ: “ಏನ್ ಬಂದದ್ರಿ ಬಾಯಾರ?”

ಒಳಗೆ ಡಾಕ್ಟರು ಕೆಮ್ಮಿದ್ದು ಕೇಳಿಸಿತು. “ಡಾಕ್ಟರ್ ಹೇಳಿದಂಗ ಗುಳಿಗಿ ತಗೋರಿ,” ಎಂದುಬಿಟ್ಟಳು.

ಹನ್ನೊಂದನೆಯ ದಿನ ಅವನು ಖಣಿಯ ಅಂಚಿನಿಂದ ಬಿದ್ದು ಸತ್ತ. ಕುಡಿದು ಬಿದ್ದನೆಂದೇ ಮುಕಾದಮ ಪೊಲೀಸರ ಕೈಲಿ ಬರೆಸಿದ.

ಲಲಿತಾಬಾಯಿ ಭಾನುವಾರ ಅವನ ಹೆಂಡತಿ ಅಮೃತಮ್ಮನ ಮನೆ ಹುಡುಕಿಕೊಂಡು ಹೋಗಿ, ನಡೆದದ್ದನ್ನೆಲ್ಲ ಹೇಳಿದಳು. ಸಾಯಬಣ್ಣ ಕುಡುಕನೆಂಬ ಕಳಂಕವಾದರೂ ಹೋಗಲಿ ಎಂದು ಲಲಿತಾಬಾಯಿಯ ಆಸೆ.

ಅಮೃತಮ್ಮ ನೆಲ ನೋಡುತ್ತಲೇ ಹೇಳಿದಳು: “ಅವ ಬಿದ್ದ ದಿನ ಬುತ್ತಿ ಕಟ್ಟಲಿಲ್ಲ ನಾ. ಕುಡುಕಗ ಯಾಕ ಬುತ್ತಿ ಅಂದೆ.” ಆಮೇಲೆ ತಲೆ ಎತ್ತಿದಳು. “ಏನ್ ಬಂದದ ಅಂತ ಅವ ನಿಮಗ ಕೇಳಿದ್ನಾ?”

“ಕೇಳಿದ್ರು.”

“ಮುಕಾದಮ ಸುಳ್ಳ ಹೇಳಿದ, ನಾ ನಂಬಿದೆ. ನಿಮಗ ಖರೇ ಗೊತ್ತಿತ್ತು. ಒಂದ ಮಾತ ಅಂದಿದ್ರ ಅವಗ ನಾ ಖಣಿಗಿ ಕಳಸ್ತಿದ್ನೇನು?”

ಅಮೃತಮ್ಮ ಎದ್ದು ಬಾಗಿಲು ತೆರೆದಳು.

“ಹೋಗ್ರಿ ಇನ್ನ,” ಎಂದಳು.

ಅಂದಿನಿಂದ ಲಲಿತಾಬಾಯಿ ಕೇಳಿದ ರೋಗಿಗಳಿಗೆಲ್ಲ ಪಟ್ಟಿಯಲ್ಲಿ ಕಂಡದ್ದನ್ನು ಹೇಳತೊಡಗಿದಳು. ದಸರೆಯ ಹೊತ್ತಿಗೆ ಡಾಕ್ಟರು ಅವಳನ್ನು ರೋಗಿಗಳ ಚೀಟಿ ಬರೆಯುವ ಕಿಟಕಿಗೆ ಹಾಕಿದರು. ಇಸಿಜಿ ಕೋಣೆಗೆ ಗುಂಡಿ ಒತ್ತಲಷ್ಟೇ ಬರುವ ಹೊಸಬಳೊಬ್ಬಳು ಬಂದಳು.