ಎರಡು ಬೆರಳು ಓರೆ

ಕತ್ತರಿಯ ಬಾಯಿ ತೆರೆದಿತ್ತು. ಆಳೆತ್ತರದ ಬೊಂಬೆಗೆ ತೊಡಿಸಿದ್ದ ಬೂದುಬಣ್ಣದ ನಿಲುವಂಗಿಯ ಕೆಳ ಅಂಚನ್ನು ಎಡಗೈಯಲ್ಲಿ ಹಿಡಿದು ಮಗಳು ಇನ್ನೇನು ಕತ್ತರಿಸಬೇಕು, ಅಷ್ಟರಲ್ಲಿ ಸುಕ್ಕುಗಟ್ಟಿದ ಕೈಯೊಂದು ಬಟ್ಟೆಗೂ ಕತ್ತರಿಗೂ ನಡುವೆ ಬಂತು.

“ಮೊದಲು ನನ್ನ ಬೆರಳು ಕತ್ತರಿಸು. ಆಮೇಲೆ ಅಂಚು,” ಎಂದಳು ಅಂಗಡಿಯ ಉಡುಪುಗಳಿಗೆಲ್ಲ ಅಂಚು ಹಾಕುವ ಅಂಚಿನಜ್ಜಿ.

“ಕೈ ತೆಗಿ ಅಜ್ಜಿ. ಮೂರು ಗಂಟೆಗೆ ಗಾಡಿ ಬರುತ್ತೆ. ಅಷ್ಟರೊಳಗೆ ಇದನ್ನ ಕೆಳಗೆ ಅಮ್ಮನ ಪಕ್ಕ ನಿಲ್ಲಿಸ್ಬೇಕು.”

“ನಿಲ್ಲಿಸು, ಯಾರು ಬೇಡ ಅಂದ್ರು? ಕತ್ತರಿಸ್ಬೇಡ ಅಂದೆ ಅಷ್ಟೆ.”

“ಓರೆಯಾಗಿದೆಯಲ್ಲ ಅಜ್ಜಿ! ಎಡಗಡೆ ಎರಡು ಬೆರಳು ಕೆಳಗಿದೆ. ಬಂದವರೆಲ್ಲ ಏನಂತಾರೆ?”

ಅಮ್ಮನ ಅಕ್ಕ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದಳು. ತಂಗಿಯ ಈ ಹೊಲಿಗೆಮನೆಯ ಮೆಟ್ಟಿಲನ್ನು ಅವಳು ಹತ್ತಿದ್ದು ಇದೇ ಮೊದಲು. ನಲವತ್ತು ವರ್ಷ ಪ್ರತಿ ಭಾನುವಾರ ಈ ಮನೆಗೆ ಊಟಕ್ಕೆ ಬಂದವಳು ಕೆಳಗಿನ ಕೋಣೆಯಿಂದಲೇ ತಿರುಗಿ ಹೋಗುತ್ತಿದ್ದಳು. “ಮಂಡಿನೋವು, ಮೇಲೆ ಹತ್ತಲಾರೆ,” ಎನ್ನುತ್ತಿದ್ದಳು. ಮಂಡಿನೋವು ಬಂದದ್ದು ಹತ್ತು ವರ್ಷದ ಈಚೆಗೆ. ಅದಕ್ಕೆ ಹಿಂದಿನ ಮೂವತ್ತು ವರ್ಷದ ಲೆಕ್ಕವನ್ನು ತಂಗಿ ಕೇಳಲಿಲ್ಲ, ಲೆಕ್ಕದ ಟೀಚರಾಗಿದ್ದ ಅಕ್ಕ ಹೇಳಲೂ ಇಲ್ಲ.

ತಂಗಿ ಈಗ ಕೆಳಗೆ, ಬೀದಿಗೆ ತೆರೆದ ಕೋಣೆಯಲ್ಲಿ ಮಲಗಿದ್ದಳು. ಮೊನ್ನೆ ಮಧ್ಯಾಹ್ನ ಇದೇ ಮೇಜಿನ ಮುಂದೆ, ಸೂಜಿಗೆ ದಾರ ಪೋಣಿಸಿಟ್ಟು, ಕುರ್ಚಿಗೆ ಒರಗಿದವಳು ಮತ್ತೆ ಏಳಲಿಲ್ಲ. ಕರೆಯುವವನು ಕರೆದಾಗ ಕೈಯಲ್ಲಿದ್ದ ಕೆಲಸ ಮುಗಿಯಲಿ ಎಂದು ಕಾಯುವುದಿಲ್ಲ.

ಊರು ಅವಳನ್ನು ಓರೆಯಮ್ಮ ಎಂದು ಕರೆಯುತ್ತಿತ್ತು. ಎಲ್ಲ ದರ್ಜಿಗಳೂ ಬಟ್ಟೆಯನ್ನು ಎಳೆಯ ಉದ್ದಕ್ಕೆ ನೇರವಾಗಿ ಕತ್ತರಿಸುತ್ತಿದ್ದ ಕಾಲದಲ್ಲಿ ಇವಳು ಹಾಸು ಹೊಕ್ಕು ಎರಡನ್ನೂ ಬಿಟ್ಟು, ಬಟ್ಟೆಯನ್ನು ಮೂಲೆಗೆ ತಿರುಗಿಸಿ, ಓರೆಯಾಗಿ ಇಡೀ ಉಡುಪನ್ನೇ ಕತ್ತರಿಸಿದಳು. ಕೊರಳಪಟ್ಟಿಗೆ ಬೇಕಾಗುವಷ್ಟು ಓರೆತುಂಡು ಎಲ್ಲರೂ ಕತ್ತರಿಸುತ್ತಿದ್ದರು. ಮೈತುಂಬ ಓರೆ ಎಂದರೆ ಹುಚ್ಚು ಎಂದರು. “ಅರ್ಧ ಬಟ್ಟೆ ಹೊಲಿಗೆಗೆ, ಅರ್ಧ ಕಸಕ್ಕೆ,” ಎಂದು ಎದುರಂಗಡಿಯ ಕೋಟಿನ ದರ್ಜಿ ನಕ್ಕ. ಹಾಗೆ ನಕ್ಕವನ ಮಗಳೇ ಆರು ವರ್ಷದ ಮೇಲೆ ಮದುವೆಯ ಉಡುಪು ಹೊಲಿಸಿಕೊಳ್ಳಲು ಈ ಮೆಟ್ಟಿಲು ಹತ್ತಿದಳು. ಅಲ್ಲಿಗೆ ಅಣಕದ ಹೆಸರು ಅಂಗಡಿಯ ಹಲಗೆ ಏರಿತು.

ಇಂದು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವನೂ ಆ ಕೋಟಿನ ದರ್ಜಿಯೇ. ಈಗ ಅವನಿಗೆ ಎಂಬತ್ತು. ಕೆಳಗೆ ಕೈಮುಗಿದು, ಕಣ್ಣೊರಸಿಕೊಂಡು, ಕೊನೆಯ ಕೆಲಸ ನೋಡಬೇಕೆಂದು ಮೇಲೆ ಬಂದವನು ನಿಲುವಂಗಿಯ ಸುತ್ತ ಒಂದು ಸುತ್ತು ಹಾಕಿ, “ಪಾಪ, ಕೊನೆಗೆ ಕಣ್ಣು ಕೈಕೊಟ್ಟಿತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?” ಎಂದಿದ್ದ. ಆ ಮಾತು ಮಗಳ ಎದೆಯಲ್ಲಿ ಮುಳ್ಳಿನಂತೆ ಮುರಿದು ಕುಳಿತಿತ್ತು.

“ನೆಲ ಡೊಂಕಿರಬಹುದು,” ಎಂದ ಇಸ್ತ್ರಿಯವನು, ಸಮಾಧಾನ ಮಾಡುವವನಂತೆ. ಇಸ್ತ್ರಿಯ ಮೇಜಿಗೆ ಒರಗಿ ಅವನು ಬೆಳಗಿನಿಂದ ಸುಮ್ಮನೆ ನಿಂತಿದ್ದ.

“ಹೌದಪ್ಪ! ನಲವತ್ತು ವರ್ಷ ಇದೇ ನೆಲದ ಮೇಲೆ ಮಂಡಿಯೂರಿ ಅಂಚು ಗುರುತು ಹಾಕಿದೀನಿ. ನಿನ್ನೆ ರಾತ್ರಿ ಡೊಂಕಾಯ್ತೇನೋ,” ಎಂದಳು ಅಂಚಿನಜ್ಜಿ. “ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಯ್ತು ನಿನ್ನ ಮಾತು.”

ಅಕ್ಕ ಕಾಲನ್ನು ಸ್ಟೂಲಿನ ಕೆಳಗೆ ಎಳೆದುಕೊಂಡಳು. ಕಾಲಿನ ಮಾತು ಎಲ್ಲಿ ಬಂದರೂ ಹಾಗೆ ಎಳೆದುಕೊಳ್ಳುವುದು ಅವಳ ಅರುವತ್ತು ವರ್ಷದ ಅಭ್ಯಾಸ.

*

ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಅಕ್ಕನ ಜೀವ ಉಳಿಸಿ, ಬಲಗಾಲನ್ನು ಮಾತ್ರ ಬೆಳೆಯಲು ಬಿಡದೆ ಹೋಗಿತ್ತು. ಅವಳಿಗೆ ಹದಿನಾರು ತುಂಬಿದಾಗ ಅಮ್ಮ ಒಂದು ಉದ್ದ ಲಂಗ ಹೊಲಿದಳು. ತೊಟ್ಟು ನಿಂತರೆ ಬಲಗಡೆ ನೆಲ ಗುಡಿಸಿತು, ಎಡಗಡೆ ಕಣಕಾಲು ಕಂಡಿತು. ಅಮ್ಮ ಬಲಗಡೆ ಮಡಿಸಿದಳು. ಅಂಚು ಸರಿಯಾಯಿತು, ಆದರೆ ಸೊಂಟದ ಒಂದು ಮಗ್ಗುಲು ಬಿಗಿದು ಇನ್ನೊಂದು ಮಗ್ಗುಲು ಹಳೆಯ ಪರದೆಯ ಹಾಗೆ ಜೋತುಬಿತ್ತು. ಬಿಚ್ಚಿದಳು, ಮತ್ತೆ ಹೊಲಿದಳು. ಮೂರನೆಯ ಸಲ ಬಿಚ್ಚುವಾಗ ಅಮ್ಮ ಅತ್ತಳು. ಅಕ್ಕ ಅಳಲಿಲ್ಲ.

ಒಂಬತ್ತು ವರ್ಷದ ತಂಗಿ ನೆಲದ ಮೇಲೆ ಕುಳಿತು ಆ ಲಂಗವನ್ನೇ ನೋಡುತ್ತಿದ್ದಳು. ಅವಳ ಕೈಯಲ್ಲಿ ಅಕ್ಕನ ಕರವಸ್ತ್ರವಿತ್ತು.

“ಅಕ್ಕಾ, ಇಲ್ನೋಡು. ನೇರ ಎಳೆದ್ರೆ ಹಟ ಮಾಡುತ್ತೆ.” ಎರಡು ಬದಿ ಹಿಡಿದು ಎಳೆದು ತೋರಿಸಿದಳು. ಬಟ್ಟೆ ಬಗ್ಗಲಿಲ್ಲ. “ಮೂಲೆಯಿಂದ ಮೂಲೆಗೆ ಎಳೆದ್ರೆ ಮಾತು ಕೇಳುತ್ತೆ!” ಕರವಸ್ತ್ರ ರಬ್ಬರಿನಂತೆ ನೀಳವಾಗಿ ಹಿಗ್ಗಿತು.

“ಹಾಳು ಮಾಡ್ಬೇಡ, ಕೊಡಿಲ್ಲಿ,” ಎಂದಳು ಅಕ್ಕ.

ತಂಗಿ ಕರವಸ್ತ್ರ ಕೊಟ್ಟಳು. ಅದೇ ವಾರ ಅಕ್ಕನ ಕಂಪಾಸು ಪೆಟ್ಟಿಗೆಯಿಂದ ಮರದ ತ್ರಿಕೋನದ ಮೂಲೆಮಟ್ಟ ಕಾಣೆಯಾಯಿತು. ಎಷ್ಟು ಹುಡುಕಿದರೂ ಸಿಗಲಿಲ್ಲ.

*

ಆ ಮೂಲೆಮಟ್ಟ ಇಂದು ಕತ್ತರಿಸುವ ಮೇಜಿನ ಮೇಲಿತ್ತು. ಅಂಚುಗಳು ಸವೆದು ದುಂಡಾಗಿದ್ದವು. ಮೂಲೆಯಲ್ಲಿ ಅಕ್ಕ ಶಾಯಿಯಲ್ಲಿ ಬರೆದಿದ್ದ ತನ್ನ ತರಗತಿಯ ಸಂಖ್ಯೆ ಇನ್ನೂ ಮಸುಕಾಗಿ ಕಾಣುತ್ತಿತ್ತು. ಅದನ್ನು ಕೈಗೆತ್ತಿಕೊಂಡು ಅಕ್ಕ ಬಹಳ ಹೊತ್ತು ಹಿಡಿದುಕೊಂಡಿದ್ದಳು.

“ಯಾರದಮ್ಮಾ ಈ ನಿಲುವಂಗಿ?” ಎಂದು ಕೇಳಿದಳು ಕೊನೆಗೆ.

“ಅದೇ ಗೊತ್ತಿಲ್ಲ ದೊಡ್ಡಮ್ಮ. ಪ್ರತಿ ಉಡುಪಿನ ಕೊರಳಿಗೂ ಹೆಸರು, ಅಳತೆ ಬರೆದ ಚೀಟಿ ಚುಚ್ಚೋದು ಅಮ್ಮನ ಪದ್ಧತಿ. ಇದರಲ್ಲಿ ಹೆಸರೇ ಇಲ್ಲ.” ಮಗಳು ಕೊರಳಿನ ಒಳಗೆ ಚುಚ್ಚಿದ್ದ ಚೀಟಿಯನ್ನು ಬಿಡಿಸಿ ಕೊಟ್ಟಳು. ಹೆಸರಿನ ಜಾಗ ಖಾಲಿ. ಅಳತೆಯ ಜಾಗದಲ್ಲಿ ತಂಗಿಯ ದುಂಡು ಅಕ್ಷರ: ‘ನನಗೆ ಗೊತ್ತು.’

“ಅಂಚು ಯಾರು ಗುರುತು ಹಾಕಿದ್ದು?”

“ಈ ಸಲ ಅಮ್ಮಾವ್ರೇ ಟೀಚರಮ್ಮ,” ಎಂದಳು ಅಂಚಿನಜ್ಜಿ. “ಬೊಂಬೆ ಹಾಗೆ ನಿಂತಿದ್ದು ನಾನು, ಆ ಗುರುತಿನ ಮೇಲೆ ಬಿಳಿ ದಾರದ ಕಚ್ಚು ಹೊಲಿಗೆ, ಆಮೇಲೆ ಬಿಚ್ಚೋದು, ಹಾಕಿದ್ದೂ ನಾನೇ! ಓರೆ ಬಟ್ಟೆ ಕತ್ತರಿಸಿದ ತಕ್ಷಣ ಅಂಚು ಹಾಕೋ ಹಾಗಿಲ್ಲ. ಮೂರು ದಿನ ತೂಗುಹಾಕ್ಬೇಕು, ತನ್ನ ಭಾರಕ್ಕೆ ತಾನೇ ಇಳೀಬೇಕು. ಆಮೇಲೆ ತೊಡೋರು ನಿಂತ್ಕೋಬೇಕು. ತೊಡೋರು ಬರ್ಲಿಲ್ಲ. ಅಮ್ಮಾವ್ರು ನನಗೆ ತೊಡಿಸಿ, ‘ನಿನ್ನದೂ ಅವಳದೂ ಒಂದೇ ಎತ್ತರ, ನಿಂತ್ಕೋ’ ಅಂದ್ರು. ಯಾರಮ್ಮಾ ಅವಳು ಅಂದ್ರೆ, ಕಚ್ಚು ಹೊಲಿಗೆ ಹಾಕೋಕೆ ಬಾಯಿ ಬೇಕಾ ಅಂತ ಬೈದ್ರು.”

“ಮತ್ತೆ ಓರೆ ಹೇಗಾಯ್ತು?” ಎಂದಳು ಮಗಳು.

“ಕೇಳು. ನನ್ನ ಎಡಗಾಲಿನ ಕೆಳಗೆ ಒಂದು ಹಲಗೆ ಇಟ್ರು. ಒಂದೂವರೆ ಬೆರಳು ದಪ್ಪ. ಬಲಗಾಲು ನೆಲದ ಮೇಲೆ. ವಯಸ್ಸಾಯ್ತು, ತಲೆ ಕೆಟ್ಟಿದೆ ಅಂದ್ಕೊಂಡೆ, ದೇವರು ಕ್ಷಮಿಸ್ಲಿ. ಮಧ್ಯೆ ಊಟಕ್ಕೆ ಅಂತ ಕೆಳಗೆ ಹೋದ್ರು. ಬಂದವರೇ ‘ಸಾಲದು, ಈಗ ಹೆಚ್ಚಾಗಿದೆ’ ಅಂತ ಹಲಗೆ ಕೆಳಗೆ ರಟ್ಟು ಸೇರಿಸಿ ಎರಡು ಬೆರಳು ಮಾಡಿದ್ರು. ರಟ್ಟು ಹಾಕ್ವಾಗ ಕಣ್ಣಲ್ಲಿ ನೀರಿತ್ತು.”

“ಯಾವ ದಿನ ಅದು?” ಅಕ್ಕನ ದನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

“ಹೋದ ಭಾನುವಾರ.”

*

ತಂಗಿಗೆ ಮೂವತ್ತು ವರ್ಷವಾಗಿದ್ದಾಗ ಒಂದು ಸಂಜೆ ಕಾಗದದ ಪೊಟ್ಟಣ ಹಿಡಿದು ಅಕ್ಕನ ಬಾಡಿಗೆ ಕೋಣೆಗೆ ಬಂದಿದ್ದಳು. ಏದುಸಿರು ಬಿಡುತ್ತಿದ್ದಳು, ಮುಖದ ತುಂಬ ನಗು. ಪೊಟ್ಟಣ ಬಿಚ್ಚಿದರೆ ನಿಲುವಂಗಿ. ಅದು ಅಕ್ಕನ ಮೊಣಕಾಲ ಮೇಲಿಂದ ನೀರಿನಂತೆ ಜಾರಿತು.

“ಇದಕ್ಕೋಸ್ಕರಾನೇ ಅಕ್ಕಾ ಇಷ್ಟೂ ಕಲಿತದ್ದು. ತೊಟ್ಕೊಂಡು ನೋಡು.”

ಅಕ್ಕ ಬಟ್ಟೆಯನ್ನು ಮುಟ್ಟಿದಳು. ಇದು ಮೈಗೆ ಅಂಟಿಕೊಂಡು ಇಳಿಯುತ್ತದೆ, ತನ್ನ ಸೊಂಟದ ಏರಿಳಿತವನ್ನೆಲ್ಲ ಬೀದಿಗೆ ಹೇಳುತ್ತದೆ ಎಂದು ಅವಳಿಗೆ ಅನಿಸಿತು. ಗಂಜಿ ಹಾಕಿದ ದಪ್ಪ ಬಟ್ಟೆಯೊಳಗೆ ಇಷ್ಟು ವರ್ಷ ಅಡಗಿಸಿಟ್ಟದ್ದು ಒಂದೇ ದಿನದಲ್ಲಿ ಬಯಲಾಗುತ್ತದೆ. ಆದರೆ ಬಾಯಿಂದ ಬಂದ ಮಾತು ಬೇರೆ.

“ಮೈಗಂಟೋ ಬಟ್ಟೆ ಹಾಕ್ಕೊಂಡು ದೇವರ ಮುಂದೆ ಹೇಗೆ ನಿಲ್ಲಲಿ? ನಾಚಿಕೆ ಆಗಲ್ವಾ ನಿನಗೆ?”

ತಂಗಿಯ ಮುಖ ಸಣ್ಣದಾಯಿತು. “ದೇವರಿಗೆ ನಿನ್ನ ಸೊಂಟ ಗೊತ್ತಿಲ್ವಾ ಅಕ್ಕಾ? ಮಾಡಿದವನೇ ಅವನಲ್ವಾ?”

“ತಗೊಂಡು ಹೋಗು.”

ತಂಗಿ ಮಡಿಸಿಕೊಂಡು ಹೋದಳು. ಮುಂದಿನ ಭಾನುವಾರ ಎಂದಿನಂತೆ ಊಟಕ್ಕೆ ಕರೆದಳು. ಬಟ್ಟೆಯ ಮಾತು ಮಾತ್ರ ಇಬ್ಬರ ನಡುವೆ ಮತ್ತೆ ಬರಲಿಲ್ಲ. ಆದರೆ ಊಟ ಮುಗಿಸಿ ಅಕ್ಕ ಹೊರಟಾಗ ತಂಗಿ ಬಾಗಿಲಲ್ಲಿ ನಿಂತು, ಅವಳು ಬೀದಿಯ ತಿರುವು ದಾಟುವವರೆಗೂ ನೋಡುತ್ತಿದ್ದಳು. ಪ್ರೀತಿಗೆ ನಿಂತಿದ್ದಾಳೆ ಎಂದುಕೊಂಡಿದ್ದಳು ಅಕ್ಕ. ಅಳತೆ ತೆಗೆದುಕೊಳ್ಳುತ್ತಿದ್ದಾಳೆ ಎಂದು ಹೊಳೆದಿರಲಿಲ್ಲ.

*

“ಎರಡೂವರೆ ಆಯ್ತು,” ಎಂದಳು ಮಗಳು. “ಅಜ್ಜಿ, ನೀನು ಹೇಳೋದೆಲ್ಲ ನಿಜ ಇರಬಹುದು. ಆದ್ರೆ ಇವತ್ತು ಬರೋ ನೂರು ಜನಕ್ಕೆ ಹಲಗೆ ಕಥೆ ಹೇಳ್ತಾ ಕೂರೋಕಾಗುತ್ತಾ? ಓರೆಯಮ್ಮನ ಕೊನೇ ಕೆಲಸ ಕೆಟ್ಟಿತ್ತು ಅಂತ ಒಬ್ಬರೂ ಅನ್ನಬಾರದು. ಬಿಡು.” ಅವಳು ಮತ್ತೆ ಕತ್ತರಿ ಎತ್ತಿದಳು.

ಅಕ್ಕ ಸುಮ್ಮನಿದ್ದರೆ ಸಾಕಿತ್ತು. ಅಂಚು ನೇರವಾಗುತ್ತಿತ್ತು, ಎಲ್ಲರೂ ಮೆಚ್ಚುತ್ತಿದ್ದರು, ಅಕ್ಕನ ಗುಟ್ಟು ಅಕ್ಕನಲ್ಲೇ ಉಳಿಯುತ್ತಿತ್ತು. ಅವಳು ಕಣ್ಣು ಮುಚ್ಚಿದಳು. ತಂದೆಯೇ, ಎಂದು ಮನಸ್ಸಿನಲ್ಲೇ ಹೇಳಿಕೊಂಡಳು, ನಾನು ನನ್ನ ನಾಚಿಕೆಯನ್ನು ನಿನ್ನ ಹೆಸರಿನ ಹಿಂದೆ ಬಚ್ಚಿಟ್ಟೆ. ನೀನು ಸುಮ್ಮನಿದ್ದೆ. ತಂಗಿಯೂ ಸುಮ್ಮನಿದ್ದಳು.

“ಅದು ಓರೆಯಾಗಿಲ್ಲ,” ಎಂದಳು ಗಟ್ಟಿಯಾಗಿ.

ಎಲ್ಲರೂ ತಿರುಗಿದರು. ಅಷ್ಟರಲ್ಲಿ ಕೋಟಿನ ದರ್ಜಿಯೂ ಮೇಲೆ ಬಂದು ಬಾಗಿಲಲ್ಲಿ ನಿಂತಿದ್ದ.

“ದೊಡ್ಡಮ್ಮ, ಬರಿಗಣ್ಣಿಗೆ ಕಾಣ್ತಾ ಇದೆ…”

“ಬೊಂಬೆಯ ಎರಡು ಕಾಲೂ ಸಮ, ಮಗಳೇ. ನನ್ನದಲ್ಲ. ನನ್ನ ಬಲಗಾಲು ಎರಡು ಬೆರಳು ಗಿಡ್ಡ. ಆ ಬಟ್ಟೆ ನನ್ನದು.”

ಹುಟ್ಟಿದ ಮೇಲೆ ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಆಕಾಶ ಕಳಚಿ ಬೀಳಲಿಲ್ಲ. ಇಸ್ತ್ರಿಯವನು ನೆಲ ನೋಡಿದ. ಅಂಚಿನಜ್ಜಿ ಹಣೆ ಚಚ್ಚಿಕೊಂಡಳು: “ನನ್ನ ಬುದ್ಧಿಗಿಷ್ಟು! ಭಾನುವಾರ! ಭಾನುವಾರ ಊಟಕ್ಕೆ ಬೇರೆ ಯಾರು ಬರ್ತಾರೆ ಈ ಮನೆಗೆ?”

ಪರದೆಯ ಹಿಂದೆ ಮಗಳೇ ಅವಳಿಗೆ ತೊಡಿಸಿದಳು. ತಣ್ಣಗಿನ ಬಟ್ಟೆ ಭುಜದಿಂದ ಇಳಿದು, ಸೊಂಟಕ್ಕೆ ಬಂದಾಗ ಅಕ್ಕ ಉಸಿರು ಬಿಗಿಹಿಡಿದಳು. ಅದು ಅಲ್ಲಿ ತಡೆಯಲಿಲ್ಲ, ಬಿಗಿಯಲಿಲ್ಲ, ಜೋಲಲಿಲ್ಲ. ಗೊತ್ತಿದ್ದ ದಾರಿಯಲ್ಲಿ ನಡೆದುಬಂದಂತೆ ಕೆಳಗಿಳಿಯಿತು.

ಅಂಚಿನಜ್ಜಿ ಮರದ ಸ್ಕೇಲು ಹಿಡಿದು ಮಂಡಿಯೂರಿದಳು. ನೆಲಕ್ಕೆ ಸ್ಕೇಲು ಊರಿ ಅಕ್ಕನ ಸುತ್ತ ತೆವಳಿದಳು. “ನಾಲ್ಕು ಬೆರಳು,” ಎಂದಳು ಬಲಗಡೆ. “ನಾಲ್ಕು,” ಎಂದಳು ಹಿಂದೆ. ಎಡಗಡೆಗೆ ಬಂದಾಗ ಸ್ಕೇಲನ್ನು ಎರಡು ಸಲ ಊರಿ ನೋಡಿದಳು. ಕೈಬೆರಳನ್ನಷ್ಟೇ ಎತ್ತಿ ತೋರಿಸಿದಳು: ನಾಲ್ಕು.

ಮಗಳು ಕತ್ತರಿಯನ್ನು ಮೇಜಿನ ಮೇಲಿಟ್ಟಳು. ಕೋಟಿನ ದರ್ಜಿ ಕನ್ನಡಕ ತೆಗೆದು ಒರಸಿಕೊಂಡ. “ಬೆಳಿಗ್ಗೆ ಒಂದು ಮಾತಾಡಿದೆ,” ಎಂದ. “ಅದನ್ನ ವಾಪಸ್ ತಗೊಂಡೆ.”

“ಬೇಗ ತಗೊಂಡ್ರಲ್ಲ! ಹೋದ ಸಲ ಆರು ವರ್ಷ ಹಿಡೀತು,” ಎಂದಳು ಅಂಚಿನಜ್ಜಿ, ಅಳುತ್ತಲೇ. ಆಮೇಲೆ ಅಕ್ಕನ ಕಡೆ ತಿರುಗಿ, “ಇನ್ನೂ ಕಚ್ಚು ಹೊಲಿಗೆ ಟೀಚರಮ್ಮ, ಬಿಳಿ ದಾರ ಕಾಣುತ್ತೆ. ಒಂದು ಗಳಿಗೆ ಕೊಡಿ, ಹೊಲಿದುಬಿಡ್ತೀನಿ,” ಎಂದಳು.

“ಬೇಡ. ಗಾಡಿ ಬಂತು.”

ತಂಗಿಯನ್ನು ಹೊತ್ತ ಗಾಡಿ ನಿಧಾನವಾಗಿ ಹೊರಟಿತು. ಅಕ್ಕ ಅದರ ಹಿಂದೆಯೇ ನಡೆದಳು. ಮಗಳು ತೋಳು ಹಿಡಿಯಲು ಬಂದಾಗ ಬೇಡವೆಂದಳು. ಮೈ ಎಂದಿನಂತೆ ಬಲಕ್ಕೆ ಕುಸಿದು ಎಡಕ್ಕೆ ಏಳುತ್ತಿತ್ತು, ಬಟ್ಟೆ ಅದರ ಜೊತೆಗೇ ಕುಸಿದು ಏಳುತ್ತಿತ್ತು. ಅಂಗಡಿಗಳ ಬಾಗಿಲಲ್ಲಿ ನಿಂತವರು ನೋಡಿದರು. ನೋಡಲಿ ಎಂದು ಬಿಟ್ಟಳು.

ನಾಲ್ಕು ರಸ್ತೆ ಕೂಡುವಲ್ಲಿ ಗಾಡಿ ನಿಂತಿತು. ಹಿಂದೆ ಬರುತ್ತಿದ್ದವರೂ ನಿಂತರು. ಅಕ್ಕ ತಲೆ ತಗ್ಗಿಸಿದಳು. ಕಾಲ ಬಳಿ, ರಸ್ತೆಗೆ ಅಡ್ಡಲಾಗಿ ಬಳಿದ ಬಿಳಿ ಪಟ್ಟೆಯೊಂದಿತ್ತು. ಅದರ ಮೇಲೆ, ನಾಲ್ಕು ಬೆರಳು ಎತ್ತರದಲ್ಲಿ, ಬೂದುಬಣ್ಣದ ಅಂಚಿನುದ್ದಕ್ಕೂ ಕಚ್ಚು ಹೊಲಿಗೆಯ ಬಿಳಿ ದಾರ. ಮೂವತ್ತು ವರ್ಷ ಅವಳು ಕರಿಹಲಗೆಯ ಮೇಲೆ ಸ್ಕೇಲು ಹಿಡಿದು ಎಳೆದು, ಇವು ಎಷ್ಟು ದೂರ ಹೋದರೂ ಹೀಗೇ ಹೋಗುತ್ತವೆ ಎಂದು ಮಕ್ಕಳಿಗೆ ತೋರಿಸುತ್ತಿದ್ದ ಎರಡು ಸಮಾಂತರ ಗೆರೆಗಳ ಹಾಗೆ.